ಕರೆಂಟಿಲ್ಲದ ಕುಲುಮೆಯನ್ನು ಓಡಿಸಿದ್ದು

ಇಲ್ಲದ್ದನ್ನು ಇದೆ ಎಂದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಸಾಲಿನ ಸಣ್ಣ ವರ್ಕ್‌ಶಾಪುಗಳಲ್ಲಿ ಒಂದು ಪದ್ಧತಿಯಿದೆ. ಯಾರದಾದರೂ ಶೆಡ್ಡಿಗೆ ದೊಡ್ಡ ಕಂಪನಿಯವರು ಆಡಿಟ್‌ಗೆ ಬರುತ್ತಾರೆಂದರೆ, ಉಳಿದವರೆಲ್ಲ ತಮ್ಮ ಆಳು, ಅಳತೆಯ ಗೇಜು, ಕೊನೆಗೆ ಬೆಂಕಿ ಆರಿಸುವ ಸಿಲಿಂಡರನ್ನೂ ಅಲ್ಲಿಗೆ ಸಾಗಿಸುತ್ತಾರೆ. ಬಂದವರು ತಲೆದೂಗಿ ಆರ್ಡರ್ ಕೊಟ್ಟು ಹೋಗುತ್ತಾರೆ. ಸಂಜೆಯೊಳಗೆ ಸಾಮಾನೆಲ್ಲ ವಾಪಸ್. ಈ ನಾಟಕಗಳಿಗೆ ನಾನೇ ಮೇಷ್ಟ್ರು. ನನ್ನ ಶೆಡ್ಡನ್ನು ಬಾಡಿಗೆಗೆ ಕೊಟ್ಟು ಸುಮ್ಮನೆ ಕೂತ ಮೇಲೂ ಕರೆಯುವುದು ನನ್ನನ್ನೇ.

ಕೊರೊನಾ ಮುಗಿದ ಮೇಲೆ ಸರ್ಕಾರ ನಮ್ಮಂಥವರನ್ನು ಮೇಲೆತ್ತುವ ಯೋಜನೆಯೊಂದನ್ನು ಸಾರಿತು. ನಮ್ಮ ಪಾಲಿಗೆ ಬಂದದ್ದು ಎಲ್ಲರೂ ಬಳಸಬಹುದಾದ ಒಂದು ಕಟ್ಟಡ. ಅದರೊಳಗೆ ಬಿಡಿಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ ಕರೆಂಟಿನ ಕುಲುಮೆ. ಕಟ್ಟಡ ಎದ್ದಿತು, ಕುಲುಮೆ ಬಂತು, ಗೋಡೆಯ ಕಲ್ಲಿನಲ್ಲಿ ಹೆಸರುಗಳೂ ಬಂದವು. ಟ್ರಾನ್ಸ್‌ಫಾರ್ಮರ್ ಬರಲಿಲ್ಲ. ಅದಿಲ್ಲದೆ ಕುಲುಮೆಗೆ ಸಾಲುವಷ್ಟು ಕರೆಂಟಿಲ್ಲ.

ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವನು ನನ್ನ ಪಕ್ಕದ ಶೆಡ್ಡಿನವನು. ಹಾವೇರಿ ಕಡೆಯವ, ಹಣೆತುಂಬ ವಿಭೂತಿ, ಲೇತ್ ಮುಂದೆ ನಿಂತರೆ ಊಟ ಮರೆಯುವ ಆಸಾಮಿ. ಈ ಕುಲುಮೆಯನ್ನೇ ನಂಬಿ ಟ್ರ್ಯಾಕ್ಟರ್ ಪಿನ್ನುಗಳ ಆರ್ಡರ್ ಹಿಡಿದಿದ್ದ. ಹೊರಗೆ ಕೊಟ್ಟು ಗಟ್ಟಿ ಮಾಡಿಸಿದರೆ ಅವನಿಗೆ ಉಳಿಯುವುದು ಕೈಗೆ ಅಂಟಿದ ಎಣ್ಣೆಯಷ್ಟೇ. ನಾನು ದಿನಾ ಕೆಣಕುತ್ತಿದ್ದೆ.

"ಏನ್ ಶರಣ್ರೇ, ಕರೆಂಟ್ ಬಂತಾ, ಇಲ್ಲಾ ಪಿನ್ನೆಲ್ಲಾ ಬಿಸ್ಲಲ್ಲಿ ಒಣಗಿಸ್ತೀರಾ?"

"ಬರ್ತೈತ್ರೀ ಅಣ್ಣಾರ," ಎಂದು ನಗುತ್ತಿದ್ದ. ಆ ನಗು ನೋಡಿದರೆ ಇನ್ನೊಂದು ಸಲ ಕೆಣಕಬೇಕು ಅನ್ನಿಸುತ್ತಿತ್ತು.

ಯೋಜನೆಯ ಪ್ರಗತಿ ನೋಡಲು ಸಿಟಿಯೊಳಗಿಂದ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಯಾರೋ ನೋಡಲು ಬರುತ್ತಾರೆ ಎಂದರೆ ಸಾಕು, ನಮ್ಮವರು ಕೈಕಟ್ಟಿ ಕೂರುವವರಲ್ಲ. ಯಾಕೆ ಬರುತ್ತಾರೆ ಎಂದು ಒಬ್ಬನೂ ಕೇಳಲಿಲ್ಲ. ಒಬ್ಬ ಏಪ್ರನ್ ತಂದ, ಇನ್ನೊಬ್ಬ ಕೈಗವಸು. ನಾನು ಜನರೇಟರಿನಿಂದ ವೈರು ಎಳೆದು ಕುಲುಮೆಯ ದೀಪಗಳನ್ನಷ್ಟೇ ಹೊತ್ತಿಸಿದೆ. ಹಿತ್ತಿಲಲ್ಲಿ ಗ್ಯಾಸ್ ಬೆಂಕಿಗೆ ಪಿನ್ನು ಕಾಯಿಸಿ ಟ್ರೇಯಲ್ಲಿ ತಂದಿಟ್ಟವನು ಸಾಕ್ಷಾತ್ ಪಕ್ಕದ ಶೆಡ್ಡಿನವನೇ. ಕೆಂಪು ಆರಿ ಕಪ್ಪಗಾಗಿದ್ದ ಪಿನ್ನಿಗೆ ಸಾಹೇಬರು ಬೆರಳು ತಾಗಿಸಿದರು. ಚುರ್ ಎಂದಿತು. ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಲೇ, ಕೆಲಸ ತುಂಬಾ ಚೆನ್ನಾಗಿ ನಡೆಯುತ್ತಿದೆ ಎಂದು ಮೆಚ್ಚಿದರು. ಪಕ್ಕದವನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಫಲಾನುಭವಿ ಎಂದು ಪರಿಚಯಿಸಿದರು. ಇವನು ಕೈ ಮುಗಿದು, ಬಹಳ ಅನುಕೂಲವಾಗಿದೆ ಎಂದ.

ಕಾರು ಹೋದ ಮೇಲೆ ಎಲ್ಲರೂ ಬೋಂಡ ತಿನ್ನುತ್ತ ನನ್ನ ಬೆನ್ನು ತಟ್ಟಿದರು. ಕರೆಂಟಿಲ್ಲ ಸ್ವಾಮಿ ಎಂದು ಬಾಯಿ ಬಡಿದುಕೊಳ್ಳಬೇಕಿದ್ದ ದಿನ ಅದೇ ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಕುಲುಮೆ ಹೇಗೂ ಓಡುತ್ತಿದೆಯಲ್ಲ ಎಂದು ನಮ್ಮ ಟ್ರಾನ್ಸ್‌ಫಾರ್ಮರನ್ನು ಬೊಮ್ಮಸಂದ್ರದ ಕಡೆಗೆ ಕಳಿಸಿದರಂತೆ ಎಂದು ಗೊತ್ತಾದಾಗ ಹೊಳೆಯಿತು.

ಪಕ್ಕದವನು ನನ್ನನ್ನು ಎಳೆದುಕೊಂಡು ಕಚೇರಿಗೆ ಹೋದ. ಅವತ್ತು ಕಂಡದ್ದೆಲ್ಲ ತೋರಿಕೆ, ಕುಲುಮೆ ಒಂದು ದಿನವೂ ಕಾದಿಲ್ಲ ಎಂದು ಬಾಯಿಬಿಟ್ಟ. ಸಾಹೇಬರು ಬೆರಳಿನ ಕಲೆ ತೋರಿಸಿದರು.

"ನನ್ ಕೈ ಸುಟ್ಟಿದೆ ಕಣ್ರೀ. ನನ್ಗೇ ಓಡಲ್ಲ ಅಂತೀರಾ?"

ಅವನು ನನ್ನ ಕಡೆ ತಿರುಗಿದ. "ನೀವರ ಹೇಳ್ರೀ, ಅಣ್ಣಾರ."

ಹೇಳಿದೆ. ವೈರು, ಗ್ಯಾಸು, ಏಪ್ರನ್ನು, ಒಂದನ್ನೂ ಬಿಡದೆ ನಿಜವನ್ನೇ ಹೇಳಿದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಾಯಿ ತೆಗೆದರೆ ತಮಾಷೆ ಎಂಬುದು ಆ ಕಚೇರಿಯ ಜವಾನನಿಗೂ ಗೊತ್ತಿತ್ತು. ಟೀ ತರಿಸಿದರು, ಇನ್ನೊಂದು ಸಲ ಹೇಳಿಸಿದರು. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದೆ. ಇವನೊಬ್ಬ ಮಾತ್ರ ಟೀ ಮುಟ್ಟಲಿಲ್ಲ.

ಅವನ ಆರ್ಡರ್ ಕೈತಪ್ಪಿತು, ಲೇತ್ ಬೇರೆಯವರ ಶೆಡ್ಡು ಸೇರಿತು. ಈಗ ಅವನು ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆ ಆಳು. ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕ. ಬಿಡುತ್ತೇನೆಯೇ?

"ಏನ್ ಫಲಾನುಭವಿಗಳೇ, ಶಿಫ್ಟ್ ಮುಗೀತಾ?"

ನಗಲಿಲ್ಲ. "ಅವತ್ತ ಬಾಳ ಚಲೋ ಮಾಡಿದ್ರಿ, ಅಣ್ಣಾರ," ಎಂದು ಬಸ್ ಹತ್ತಿದ.

ಮಾಡಿದ್ದು ಚೆನ್ನಾಗಿಯೇ ಇತ್ತು. ಅಷ್ಟು ಚೆನ್ನಾಗಿ ಇನ್ಯಾರೂ ಮಾಡಲಾರರು. ಅವನ ಬಾಯಿಂದಲೂ ಅದು ಬಂತಲ್ಲ, ಅಷ್ಟು ಸಾಕು ನನಗೆ.