ಮಸ್ಕಿ ವಾಡೆಯ ಓಟದ ಮೋಟಾರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಆಗ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಲಡಾಯಿ ಮುಗಿದಿದ್ದರೂ ಪೆಟ್ರೋಲು ಇನ್ನೂ ಸಲೀಸಾಗಿ ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗಿದ್ದ ಒಲೆ ಹದಕ್ಕೆ ಬರುವ ತನಕ ಹೊರಡುವಂತಿಲ್ಲ. ಅಷ್ಟರಲ್ಲಿ ನಾವೆಲ್ಲ ಎರಡು ಸಲ ಚಹಾ ಕುಡಿದೆವು. ಮಸ್ಕಿಗೆ ನಮ್ಮ ಸಂಸ್ಥಾನದ ಹಾಲಿ ಸಿಕ್ಕಾ ನಾಣ್ಯದಲ್ಲಿ ಆರಾಣೆ ಚಾರ್ಜು. ಡ್ರೈವರ್ ನನ್ನನ್ನು ನೋಡಿ, "ಮಿಸ್ತ್ರಿ, ನೀವು ಮುಂದ ಕೂಡ್ರಿ. ನಡುದಾರ್ಯಾಗ ಇದು ಮುನಿಸ್ಕೊಂಡ್ರ ನೀವ ರಮಿಸಬೇಕು" ಎಂದ.

ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟು, ಗ್ರೀಸಿನಲ್ಲಿ ಕೈ ಅದ್ದಿ ಮೇಲೆ ಬಂದವನು ನಾನು. ಲಿಂಗಸುಗೂರಿನ ಹಳೆ ದಂಡಿನ ಛಾವಣಿ ಬಳಿ ಸ್ವಂತ ಶೆಡ್ಡು ಹಾಕಿದ್ದೆ. ಸದ್ದು ಕೇಳಿಯೇ ಲಾರಿಯ ರೋಗ ಹೇಳುತ್ತಾನೆಂದು ಹೆಸರಿತ್ತು. ಆ ಹೆಸರನ್ನು ಅರ್ಧ ನಾನೇ ಹಬ್ಬಿಸಿದ್ದೆ.

ಸಿಂಧನೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಎಂಜಿನ್ ದುರಸ್ತಿಯಿತ್ತು. ಅದಕ್ಕೂ ಮೊದಲು ಮಸ್ಕಿಯಲ್ಲಿ ಇಳಿದು, ದೇಸಾಯರ ವಾಡೆಯಲ್ಲಿ ಬಿದ್ದಿದ್ದ ಹಳೆ ಕಾರೊಂದನ್ನು ನೋಡಿ, ಉಳಿಸಬಹುದೋ ಇಲ್ಲವೋ ಹೇಳಬೇಕಾಗಿತ್ತು.

ಇಳಿದಾಗ ಗುಡ್ಡದ ಬಂಡೆಗಳು ಆಗಲೇ ಕಾದಿದ್ದವು. ದೇಸಾಯರ ಹೆಂಡತಿ ನೀಲವ್ವ ತಾವೇ ದನದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹೊಟ್ಟಿನ ಚೀಲಗಳ ನಡುವೆ ಕಾರು ನಿಂತಿತ್ತು: ಎರಡೇ ಸೀಟು, ಉದ್ದನೆಯ ಮೂತಿ, ತಂತಿ ಕಡ್ಡಿಗಳ ಗಾಲಿ. ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ದೇಸಾಯರು ವಯಸ್ಸಿನಲ್ಲಿ ಇದನ್ನು ರಾಯಚೂರಿನ ತನಕ ಹಾರಿಸಿಕೊಂಡು ಹೋಗುತ್ತಿದ್ದರಂತೆ. ಲಡಾಯಿಯಲ್ಲಿ ಪೆಟ್ರೋಲು ನಿಂತು ಕಾರೂ ನಿಂತಿತು. ಆಮೇಲೆ ದೇಸಾಯರಿಗೆ ಲಕ್ವಾ ಹೊಡೆದು ಬಲಗಡೆಯ ಮೈ, ಮಾತು ಎರಡೂ ಹೋದವು.

"ಕಮ್ಮಾರ ಮೌನಪ್ಪ ದಿನಾ ಕೇಳಾಕತ್ತಾನ್ರಿ, ಬಂಡಿ ಗಾಲಿಗೆ ಕಬ್ಬಿಣ ಬೇಕಂತ. ಅವನ ಹೆಸರೆತ್ತಿದ್ರ ಸಾಕು, ಇವರು ಪೋಂ ಪೋಂ ಹಚ್ತಾರ" ಎಂದರು ನೀಲವ್ವ. ಕಾರಿನ ರಬ್ಬರ್ ಬುರುಡೆಯ ಹಾರ್ನನ್ನು ಬಿಚ್ಚಿ ದೇಸಾಯರ ಮಂಚಕ್ಕೆ ಕಟ್ಟಿದ್ದರಂತೆ. ಎಡಗೈಯಿಂದ ಅದನ್ನು ಹಿಚುಕಿ ಹೆಂಡತಿಯನ್ನು ಕರೆಯುತ್ತಿದ್ದರು. "ನೀವು ಒಂದು ಮಾತು ಹೇಳ್ರಿ. ಹಂಗ ಮಾಡ್ತೀನಿ" ಎಂದರು ನೀಲವ್ವ.

ಹ್ಯಾಂಡಲ್ ಹಾಕಿ ತಿರುವಿದೆ. ತುಸು ಸರಿದು ಗಕ್ಕನೆ ನಿಂತಿತು. ಮೈಭಾರ ಹಾಕಿದರೂ ಅಲುಗಲಿಲ್ಲ. ಪ್ಲಗ್ಗುಗಳ ಬುಡಕ್ಕೆ ಅರಗಿನಂಥದೇನೋ ಮೆತ್ತಿತ್ತು. ಉಗುರಿನಿಂದ ಕೆರೆದು, ಹಳೆ ಜಿಡ್ಡು ಎಂದುಕೊಂಡೆ. ಬಿಚ್ಚಿ ನೋಡಬೇಕಿತ್ತು. ಆದರೆ ವಾಡೆಯ ಆಳುಗಳೆಲ್ಲ ಸುತ್ತ ನಿಂತಿದ್ದರು. ನೋಡುವವರಿದ್ದರೆ ನನಗೆ ಬೇಗ ಹೇಳಿಬಿಡುವ ಚಟ.

"ಮಿಸ್ತ್ರಿ, ಅದರಾಗ ನಾನು..." ಎಂದು ನೀಲವ್ವ ಬಾಯಿ ತೆರೆದರು.

"ಅವ್ವಾರ, ಅಡಿಗಿ ಮಾತಿದ್ರ ನಿಮ್ಮನ್ನ ಕೇಳ್ತೀನ್ರಿ" ಎಂದೆ. ಆಳುಗಳು ನಕ್ಕರು. ಆ ನಗುವಿಗೆ ನನ್ನ ದನಿ ಇನ್ನಷ್ಟು ಏರಿತು. "ಬಿಗದು ಕುಂತೈತಿ. ಒಮ್ಮೆ ಹಿಂಗ ಬಿದ್ದದ್ದು ಏಳಂಗಿಲ್ಲ. ಸುಮ್ಮನ ಜಾಗಾ ತಿಂತೈತಿ. ಮೌನಪ್ಪಗ ಕೊಟ್ಟು ಕೈ ತೊಳಕೋರಿ."

ಮೌನಪ್ಪನ ಹೆಸರೆತ್ತಿದರೂ ಹಾರ್ನ್ ಕೇಳಲಿಲ್ಲ. ನೀಲವ್ವ ಸೆರಗು ಎಳೆದುಕೊಂಡು ಮೆಲ್ಲಗೆ, "ಮಂಚ ಈ ಗ್ವಾಡಿ ಆಚೀಗೇ ಐತ್ರಿ" ಎಂದರು. ಬಡಿಸಿದ ರೊಟ್ಟಿ, ಪುಂಡಿಪಲ್ಯ ಉಂಡು ಮುಂದಿನ ಬಸ್ಸು ಹಿಡಿದೆ.

ಜಿನ್ನಿನ ಕೆಲಸ ಸಂಜೆಯೊಳಗೆ ಮುಗಿಯಿತು. ಸಿಂಧನೂರಿನಲ್ಲಿ ನನ್ನ ಅಕ್ಕನ ಮನೆಯಿದೆ. ಹೋದಾಗ ಅಕ್ಕ ಮೊರದ ಮುಂದೆ ಕೂತು ತೊಗರಿಬೇಳೆಗೆ ಹರಳೆಣ್ಣೆ ಸವರುತ್ತಿದ್ದಳು. ಹುಳ ಹತ್ತಬಾರದೆಂದು ನಮ್ಮ ಕಡೆ ವರ್ಷದ ಬೇಳೆಗೆಲ್ಲ ಹೀಗೇ ಮಾಡುತ್ತಾರೆ. ರೊಟ್ಟಿ ಮುರಿದು ಬಾಯಿಗೆ ತಂದಾಗ ಅದೇ ವಾಸನೆ ಪ್ಲಗ್ಗಿನ ಬುಡ ಕೆರೆದಿದ್ದ ನನ್ನ ಉಗುರಿನಲ್ಲೂ ಇತ್ತು. ನಾನಿನ್ನೂ ಬೇಳೆ ಮುಟ್ಟಿರಲಿಲ್ಲ.

"ಯಾಕಲೇ ತಮ್ಮಾ, ಮಾರಿ ಹಿಂಗ್ಯಾಕ ಮಾಡೀದಿ? ಪಲ್ಯಾ ಉಪ್ಪಾಗೇತೇನು?"

ರೊಟ್ಟಿ ತಟ್ಟೆಗಿಟ್ಟು ಉಗುರನ್ನು ಮತ್ತೆ ಮೂಸಿದೆ. ಸಿಲಿಂಡರಿನ ತುಂಬ ಎಣ್ಣೆಯಿದ್ದರೆ ಪಿಸ್ಟನ್ ಮೇಲೇರುವುದು ಹೇಗೆ? ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ನನ್ನ ಶೆಡ್ಡಿನ ಕಸ ಗುಡಿಸುವವನಿಗೂ ಇದು ಗೊತ್ತು. ಎಂಜಿನ್ ಬಿಗಿದಿರಲಿಲ್ಲ, ಯಾರೋ ಅದಕ್ಕೆ ಹರಳೆಣ್ಣೆ ತುಂಬಿ, ತುಕ್ಕು ಹತ್ತದ ಹಾಗೆ ಬೇಳೆಯಂತೆ ಕಾಪಾಡಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಮಸ್ಕಿಗೆ ಹೊರಟೆ. ದಾರಿಯ ಏರಿನಲ್ಲಿ ಎಲ್ಲರೂ ಇಳಿದು ಬಸ್ಸು ತಳ್ಳಿದೆವು. ಈ ಸಲ ಡ್ರೈವರಿಗೆ ನಾನು ಯಾರೆಂದು ಹೇಳಲಿಲ್ಲ.

ವಾಡೆಯ ಹೊರಗೇ ಸುತ್ತಿಗೆಯ ಸದ್ದು ಕೇಳಿಸಿತು. ಮೌನಪ್ಪ ಮುಂದಿನ ಎರಡು ಗಾಲಿ ಬಿಚ್ಚಿ, ಒಂದರ ಕಡ್ಡಿಗಳನ್ನು ಕತ್ತರಿಸಿ ಗುಡ್ಡೆ ಹಾಕಿದ್ದ. "ನಿಂದ್ರಸೋ ಮಾರಾಯಾ!" ಎಂದು ಕೂಗಿದೆ.

ಅವನು ಸುತ್ತಿಗೆ ಇಳಿಸಿ, "ನಿನ್ನೆ ನೀವ ಸತ್ತೈತಿ ಅಂದ್ರಿ. ಇವತ್ತು ನೀವ ಅಳಾಕ ಬಂದೀರೇನ್ರಿ?" ಎಂದ. ಅವೇ ಆಳುಗಳು ಮತ್ತೆ ನಕ್ಕರು.

ಅರಗು ಕೆರೆದು ಪ್ಲಗ್ಗುಗಳನ್ನು ಬಿಚ್ಚಿ ಹ್ಯಾಂಡಲ್ ತಿರುವಿದೆ. ಎಣ್ಣೆ ಚಿಲ್ಲನೆ ಹಾರಿ ನನ್ನ ಬಿಳಿ ಅಂಗಿಯನ್ನೆಲ್ಲ ತೋಯಿಸಿತು. ಆಮೇಲೆ ಎಂಜಿನ್ ಬೆಣ್ಣೆಯೊಳಗೆ ತಿರುಗಿದಂತೆ ತಿರುಗಿತು. ತುಕ್ಕಿನ ಒಂದು ಚೂರೂ ಇಲ್ಲ.

"ಕಡಿಮಿ ಆದಂಗ ಮತ್ತ ಹೊಯ್ಕೋಂತ ಬಂದಿದ್ದೆ" ಎಂದರು ನೀಲವ್ವ. "ಹೇಳಾಕ ಬಂದ್ರ ಅಡಿಗಿ ಮಾತು ಅಂದ್ರಿ."

"ತಪ್ಪಾತ್ರಿ ಅವ್ವಾರ. ಇದು ಉಳೀತೈತಿ. ಗಾಲಿ ಸಮೇತ ನಾನ ಮಾಡಿಕೊಡ್ತೀನಿ, ಏನೂ ಕೊಡಬ್ಯಾಡ್ರಿ."

"ನಂಗಲ್ಲ, ಅವರಿಗೆ ಹೇಳ್ರಿ."

ಒಳಗೆ ಹೋದೆ. ದೇಸಾಯರು ಗೋಡೆಗೆ ಹತ್ತಿದ ಮಂಚದ ಮೇಲೆ ಮಲಗಿದ್ದರು. ಆ ಗೋಡೆ ನನ್ನ ಎದೆಯಷ್ಟೇ ಎತ್ತರವಿತ್ತು. ನಿನ್ನೆ ಕೊಟ್ಟಿಗೆಯಲ್ಲಿ ಆಡಿದ ಪ್ರತಿ ಅಕ್ಷರವೂ, ಬಿದ್ದದ್ದು ಏಳಂಗಿಲ್ಲ ಎಂದದ್ದೂ, ಅದನ್ನು ದಾಟಿ ಅವರ ಕಿವಿಗೆ ಬಿದ್ದಿರಬೇಕು. "ಧಣ್ಯಾರ, ಗಾಡಿಗೆ ಜೀವ ಐತ್ರಿ. ನಾನ ನೋಡದ ಅಂದುಬಿಟ್ಟೆ" ಎಂದೆ. ಅವರು ನನ್ನ ಅಂಗಿಯ ಎಣ್ಣೆಯನ್ನು ನೋಡಿದರು, ಆಮೇಲೆ ಜಂತಿಯನ್ನು. ಎಡಗೈ ಹಾರ್ನಿನ ಮೇಲಿತ್ತು. ಒತ್ತಲಿಲ್ಲ.

ಹೊರಗೆ ನೀಲವ್ವ ಹರಳೆಣ್ಣೆಯ ಗಡಿಗೆ ತಂದಿಟ್ಟು ಅರಗು ಕರಗಿಸುತ್ತಿದ್ದರು. "ಇದ್ದಂಗ ತುಂಬಿಸಿ, ಮುಚ್ಚಿ ಹೋಗ್ರಿ. ಅವರಿಗೆ ಯಾರು ಬೇಕನಸ್ತೈತೋ ಅವರನ್ನ ಕರಸ್ತೀನಿ."

ಮೌನಪ್ಪ ಬರಿಗೈಲಿ ಹೋದ. ನಾನು ಒಂದೊಂದೇ ತೂತಿಗೆ ಎಣ್ಣೆ ಹೊಯ್ದೆ, ಪ್ಲಗ್ಗು ಹಾಕಿದೆ, ಅರಗು ಮೆತ್ತಿದೆ. ಅಂಚು ಸರಿಯಾಗಿ ಕೂತಿಲ್ಲವೆಂದು ನೀಲವ್ವ ಒಂದನ್ನು ಮತ್ತೆ ಮಾಡಿಸಿದರು. ಮಾಡಿದೆ.

ಲಿಂಗಸುಗೂರಿನ ಬಸ್ಸಿಗೆಂದು ವಾಡೆಯ ಬಾಗಿಲು ದಾಟುವಾಗ ಒಳಗೆ ಪೋಂ ಎಂದಿತು. ಕರೆದರೆಂದು ಗಕ್ಕನೆ ತಿರುಗಿ ಹೊಸ್ತಿಲೊಳಗೆ ಕಾಲಿಟ್ಟೆ.

ನೀಲವ್ವ ಅರಗಿನ ಬಟ್ಟಲು ಕೆಳಗಿಟ್ಟು ಎದ್ದರು. "ನಿಮ್ಮನ್ನಲ್ರಿ" ಎಂದು ಒಳಗೆ ಹೋದರು.