ಕರೆದರೂ ಬರಬಾರದ ಮರಿ

ಬೆಳಕು ಇನ್ನೂ ಮರಗಳ ತುದಿಯಿಂದ ಕೆಳಗೆ ಇಳಿದಿಲ್ಲ. ತಗಡಿನ ಸೂರಿನ ಅಡುಗೆಕೋಣೆಯಲ್ಲಿ ಒಂದೇ ದೀಪ, ಅದರ ಕೆಳಗೆ ಆಯಮ್ಮ ಪಪ್ಪಾಯಿ ಹೆಚ್ಚುತ್ತಿದ್ದಾರೆ. ಕಾಲಿಗೆ ರಬ್ಬರ್ ಬೂಟು, ಅಳತೆಗಿಂತ ದೊಡ್ಡದು. ಒಂದು ಹೆಜ್ಜೆ ಸರಿದರೆ ಲೊಳಕ್ ಎನ್ನುತ್ತದೆ. ಪಪ್ಪಾಯಿ ಮುಗಿದರೆ ಬೇಯಿಸಿದ ಗೆಣಸು, ಅದಾದ ಮೇಲೆ ಸೊಪ್ಪು. ಹೆಚ್ಚಿದ್ದು ತಟ್ಟೆಗೆ ಹೋಗುವುದಿಲ್ಲ. ಬಿದಿರಿನ ಕೊಳವೆಗಳಿಗೆ ತುರುಕಿ, ಬಾಯಿಗೆ ಒಣ ಎಲೆ ಗಿಡಿದು, ಬಕೆಟ್ಟಿಗೆ ಹಾಕುತ್ತಾರೆ. ಹಸಿದ ಕೋತಿ ಆ ಕೊಳವೆಯನ್ನು ಕುಟ್ಟಬೇಕು, ಅಲ್ಲಾಡಿಸಬೇಕು, ಬೆರಳು ತೂರಿಸಿ ಎಳೆದು ತಿನ್ನಬೇಕು.

"ಕೈಗೆ ಕೊಟ್ರೆ ಸೋಮಾರಿ ಆಗ್ತವೆ," ಎನ್ನುತ್ತಾರೆ ಆಯಮ್ಮ. "ಕಾಡಲ್ಲಿ ಇವಕ್ಕೆ ಯಾರು ಹೆಚ್ಚಿ ಕೊಡ್ತಾರೆ ಹೇಳಿ? ಅದಕ್ಕೇ ನಮ್ಮ ಕೆಲಸ ಏನಪ್ಪಾ ಅಂದ್ರೆ, ಅಚ್ಚುಕಟ್ಟಾಗಿ ಅಡುಗೆ ಮಾಡೋದು, ಆಮೇಲೆ ಕಳ್ಳರ ಹಾಗೆ ಬಚ್ಚಿಡೋದು."

ಇಷ್ಟು ಹೇಳಿ ಮತ್ತೆ ಚಾಕುವಿನ ಕಡೆ ತಿರುಗುತ್ತಾರೆ. ಇವತ್ತು ಮಾತು ಕಡಿಮೆ. ಬಿಸಿಲೇರುವ ಮೊದಲು ಅವರು ಬಲೆಮನೆಗೆ ಹೋಗಿ ಒಂದು ಮರಿಯನ್ನು ಕರೆಯಬೇಕಿದೆ. ಕರೆದಾಗ ಅದು ಬಂದರೆ, ಅದರ ಪಾಲಿಗೆ ಕಾಡು ಮುಗಿದ ಹಾಗೆ.

ಅರವತ್ತರ ಹೊಸ್ತಿಲಲ್ಲಿರುವ ಆಯಮ್ಮ ಸಮುದ್ರ ದಾಟಿ ಈ ಮಳೆಕಾಡಿಗೆ ಬಂದವರು. ಗಾಯಗೊಂಡ, ತಾಯಿ ಸತ್ತ, ಮನೆಗಳಲ್ಲಿ ಸರಪಳಿ ಹಾಕಿಸಿಕೊಂಡು ಬೆಳೆದ ಪ್ರಾಣಿಗಳನ್ನು ಮತ್ತೆ ಕಾಡಿಗೆ ಒಗ್ಗಿಸುವ ಕೇಂದ್ರದಲ್ಲಿ ಸ್ವಯಂಸೇವಕಿ. ಸಂಬಳವಿಲ್ಲ. ಇರುವುದು ಊಟ, ಸೊಳ್ಳೆಪರದೆ ಕಟ್ಟಿದ ಒಂದು ಮಂಚ, ಎಂದೂ ಪೂರ್ತಿ ಒಣಗದ ಎರಡು ಜೊತೆ ಬಟ್ಟೆ. ಅದಕ್ಕೂ ಮೊದಲು, ಹರೆಯದಿಂದ ನಿವೃತ್ತಿಯವರೆಗೆ, ಒಂದು ದೊಡ್ಡ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಆಯಾ ಆಗಿದ್ದರು. ಹೆಸರು ಆ ವಾರ್ಡಿನಲ್ಲೇ ಅಂಟಿಕೊಂಡದ್ದು. ಇಲ್ಲಿನವರೂ ಹಾಗೇ ಕರೆಯುತ್ತಾರೆ.

ಮದುವೆಯಾಗದ ಅಕ್ಕ. ತಮ್ಮನನ್ನು ಓದಿಸಿದರು, ಅವನ ಮಕ್ಕಳನ್ನೂ ಎತ್ತಿ ಆಡಿಸಿದರು. ನಿವೃತ್ತಿಯ ಮರುದಿನದಿಂದ ಕೈಗೆ ಕೆಲಸವಿಲ್ಲ. "ಬೆಳಗ್ಗೆ ಎದ್ರೆ ಈ ಕೈಗಳನ್ನ ಎಲ್ಲಿಡಬೇಕು ಅಂತ ಗೊತ್ತಾಗ್ತಿರಲಿಲ್ಲ. ನಾದಿನಿ ಹಿಟ್ಟು ಕಲಸಿಟ್ರೆ ನಾನು ಹೋಗಿ ಮತ್ತೆ ಕಲಸ್ತಿದ್ದೆ. ಪಾಪ, ಅವಳಾದ್ರೂ ಎಷ್ಟು ಅಂತ ಸಹಿಸ್ತಾಳೆ!" ವಾರ್ಡಿನ ಹಳೆಯ ಡಾಕ್ಟರೊಬ್ಬರು ಈ ಕೇಂದ್ರದ ಸುದ್ದಿ ಹೇಳಿದರು. ಬಾಟಲಿಯಲ್ಲಿ ಹಾಲು ಕುಡಿಸಲು ಕೈ ಪಳಗಿದವರು ಬೇಕಂತೆ ಎಂದರು. ಮನೆಯಲ್ಲಿ ವಿಷಯ ತೆಗೆದಾಗ ತಮ್ಮ ನಕ್ಕ. "ಅಕ್ಕಾ, ಕೋತಿ ಸಾಕೋಕೆ ಪರದೇಶಕ್ಕೆ ಯಾಕೆ? ನಮ್ಮನೇಲೇ ಎರಡಿವೆ." ಅವನ ಮಗಳು ಬಿಡಲಿಲ್ಲ. "ಅಪ್ಪನ್ನ ಎಣಿಸಿಲ್ಲ ಅತ್ತೆ, ಮೂರು."

ಬಂದ ಮೊದಲ ವಾರವೇ ಆಯಮ್ಮನಿಗೆ ಮುಖಭಂಗ. ಮನುಷ್ಯರ ಕೂಸನ್ನು ಹಿಡಿದಂತೆ ಮರಿಯನ್ನು ಅಂಗಾತ ಮಲಗಿಸಿ ಬಾಟಲಿ ಕೊಡಲು ಹೋದರು. ಕೇಂದ್ರದ ಪಶುವೈದ್ಯೆ ಓಡಿಬಂದು ಕೈ ಹಿಡಿದರು. ಹಾಗೆ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೋತಿಮರಿ ತಾಯಿಯ ಎದೆಗೆ ಅಂಟಿಕೊಂಡು ಕುಡಿಯುವ ಪ್ರಾಣಿ. ಸುತ್ತಿದ ಟವೆಲಿಗೆ ಬೋರಲಾಗಿ ಅಪ್ಪಿಸಿ, ತಲೆ ಎತ್ತಿಸಿ ಕುಡಿಸಬೇಕು. "ಅಷ್ಟು ವರ್ಷದ ಸರ್ವೀಸು ಒಂದೇ ನಿಮಿಷಕ್ಕೆ ತಲೆಕೆಳಗಾಯ್ತು," ಎಂದು ನಗುತ್ತಾರೆ.

ಅದನ್ನು ಕಲಿತರು. ಕಲಿಯಲಾಗದ್ದು ಇನ್ನೊಂದು ನಿಯಮ. ಮರಿಗಳ ಹತ್ತಿರ ಹೋಗುವವರು ಬೂದು ಬಣ್ಣದ ಕೋಟು ತೊಡಬೇಕು, ಮುಖ ಮುಚ್ಚಿಕೊಳ್ಳಬೇಕು, ತುಟಿ ಬಿಚ್ಚಬಾರದು. ಮನುಷ್ಯರ ದನಿಯೆಂದರೆ ಹಾಲು, ಬೆಚ್ಚನೆಯ ಮಡಿಲು ಎಂದು ಮರಿಗೆ ಒಮ್ಮೆ ಮನದಟ್ಟಾದರೆ, ನಾಳೆ ಬಲೆ ಹಿಡಿದು ಬಂದವನ ದನಿಗೂ ಅದು ಮರದಿಂದ ಇಳಿಯುತ್ತದೆ. ವಾರ್ಡಿನಲ್ಲಿ ಕೂಸುಗಳ ಜೊತೆ, ಗಾಜಿನ ಪೆಟ್ಟಿಗೆಯ ಜೊತೆ, ಕೊನೆಗೆ ನೆಲ ಒರೆಸುವ ಬಟ್ಟೆಯ ಜೊತೆಯೂ ಮಾತಾಡುತ್ತಿದ್ದವರಿಗೆ ಬಾಯಿಗೆ ಬೀಗ ಎಂದರೆ ಸಣ್ಣ ಶಿಕ್ಷೆಯಲ್ಲ. ಆದರೂ ಹಲ್ಲುಕಚ್ಚಿ ಪಾಲಿಸಿದರು.

ಆಗ ಈ ಮರಿ ಬಂತು. ತೂತು ಕೊರೆದ ರಟ್ಟಿನ ಡಬ್ಬದಲ್ಲಿ, ಒಣಗಿದ ಎಲೆಯಷ್ಟೇ ತೂಕ. ತಾಯಿ ಬೇಟೆಗಾರರ ಪಾಲಾಗಿತ್ತು. ಬಾಟಲಿ ಮುಟ್ಟಲಿಲ್ಲ. ಹಾಲು ಬದಲಾಯಿಸಿದರು, ಬಾಟಲಿಯ ಮೊಲೆ ಬದಲಾಯಿಸಿದರು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಎರಡನೆಯ ದಿನ ಮಧ್ಯಾಹ್ನ ವೈದ್ಯೆ ಸೂಜಿ ತರಲು ಹೋದರು. ಮರಿಯ ಕತ್ತು ವಾಲಿತ್ತು. ಕೋಣೆಯಲ್ಲಿ ಆಯಮ್ಮ ಒಬ್ಬರೇ.

"ಕುಡಿ ಕಂದ, ಕುಡಿ ಬಂಗಾರ."

ಮರಿ ಕಣ್ಣು ತೆರೆಯಿತು. ಬಾಟಲಿ ಕಚ್ಚಿತು. ಟವೆಲು ಬಿಟ್ಟು ಅವರ ಬೆರಳು ಹಿಡಿಯಿತು. ಹಿಡಿದದ್ದು ನಿಜಕ್ಕೂ ಕಪಿಮುಷ್ಟಿ.

ಆಯಮ್ಮ ಯಾರಿಗೂ ಹೇಳಲಿಲ್ಲ. ದನಿಯಿಲ್ಲದೆ ಅದು ಕುಡಿಯುತ್ತಿರಲಿಲ್ಲ, ಹಾಗಾಗಿ ಪಿಸುಮಾತು ದಿನವೂ ನಡೆಯಿತು. ಮರಿ ದುಂಡಗಾಯಿತು. ಎಲ್ಲರೂ ಬೆನ್ನು ತಟ್ಟಿದರು. ದೊಡ್ಡದಾದ ಮೇಲೆ ಅದನ್ನು ಬಲೆಮನೆಗೆ ಬಿಟ್ಟರು. ಬಲೆಮನೆ ಎಂದರೆ ಕಾಡಿನ ಒಂದು ತುಂಡಿಗೆ ಆಕಾಶದೆತ್ತರ ಬಲೆ ಹೊದಿಸಿದ ಜಾಗ. ಅಲ್ಲಿ ಒಂದು ಕೈ ಸೊಟ್ಟಗಿರುವ ಮುದುಕಿ ಕೋತಿ ಅನಾಥ ಮರಿಗಳನ್ನೆಲ್ಲ ಸಾಕುತ್ತದೆ. ಕಾಡಿಗೆ ಬಿಡುವ ಮೊದಲು ಕೇಂದ್ರದ್ದೊಂದು ಕಡ್ಡಾಯ ಪರೀಕ್ಷೆಯಿದೆ: ಮರಿಗೆ ಹಾಲು ಕುಡಿಸಿದವರೇ ಮರದ ಕೆಳಗೆ ನಿಂತು ಅದನ್ನು ಕರೆಯಬೇಕು, ಅದು ಇಳಿದು ಬರಬಾರದು. ಉಳಿದ ಮರಿಗಳಿಗೆ ಬಾಟಲಿ ಅಲ್ಲಾಡಿಸಿ ತೋರಿಸುತ್ತಾರೆ. ಈ ಮರಿಗೆ ಅದು ಸಾಲದೆಂದು ಆಯಮ್ಮನಿಗೆ ಮಾತ್ರ ಗೊತ್ತಿತ್ತು. ಪರೀಕ್ಷೆಯ ದಿನ ವೈದ್ಯೆಯ ಮುಂದೆ ಎಲ್ಲ ಹೇಳಿದರು.

"ಹಾಗಾದ್ರೆ ಮಾತಾಡಿಯೇ ಕರೀರಿ," ಎಂದರು ವೈದ್ಯೆ.

ಕರೆದರು. ಮರಿ ಸರಸರ ಇಳಿದು ಬಂದು ಅವರ ಕುತ್ತಿಗೆಗೆ ನೇತುಬಿತ್ತು.

ಯಾರೂ ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಆಯಮ್ಮ. ಇನ್ನೊಂದೇ ಅವಕಾಶ, ಮಳೆಗಾಲ ಕಳೆದ ಮೇಲೆ ಎಂದು ತೀರ್ಮಾನವಾಯಿತು. ಆಗಲೂ ಇಳಿದರೆ, ಬದುಕಿರುವಷ್ಟು ಕಾಲ ಕೇಂದ್ರದ ಪಂಜರ. ಅಲ್ಲಿಯವರೆಗೆ ಆಯಮ್ಮನ ದನಿ ಬಲೆಮನೆಯ ಕಡೆ ಸುಳಿಯಬಾರದು. ಅವರೇ ಅಡುಗೆಕೋಣೆ ಕೇಳಿ ಪಡೆದರು.

ಇಲ್ಲಿ ಅವರ ಜೊತೆಗಾರ ದೋಣಿಯಣ್ಣ. ಹಿಂದೆ ದೋಣಿ ನಡೆಸುತ್ತಿದ್ದವನು, ಈಗ ಬಕೆಟ್ಟು ತೊಳೆಯುತ್ತಾನೆ, ಬಲೆಮನೆಗೆ ಆಹಾರ ಹೊರುತ್ತಾನೆ. ಖಾಲಿ ಕೊಳವೆಗಳು ಮರಳಿ ಬಂದಾಗ ಆಯಮ್ಮ ಒಂದೊಂದನ್ನೂ ತಿರುಗಿಸಿ ನೋಡುತ್ತಾರೆ. ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು ಕಂಡರೆ ಪಕ್ಕಕ್ಕಿಡುತ್ತಾರೆ.

"ನಿನ್ನ ಮಗಂದಲ್ಲ ಅದು, ಬೇರೆ ಯಾವುದೋ ಕಪಿದು," ಎಂದು ಕೆಣಕುತ್ತಾನೆ ದೋಣಿಯಣ್ಣ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆತ್ತೂ ಇಲ್ಲ. ಸುಮ್ಮನೆ ತೊಳಿ."

ಬಿಸಿಲಿನ ಮೊದಲ ಪಟ್ಟೆ ಅಂಗಳಕ್ಕೆ ಬೀಳುವಾಗ ವೈದ್ಯೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಆಯಮ್ಮ ಕೈ ತೊಳೆದು ಬೂದು ಕೋಟು ತೊಡುತ್ತಾರೆ. ಕೆಸರುದಾರಿಯಲ್ಲಿ ದೋಣಿಯಣ್ಣ ಹತ್ತಿರ ಸರಿದು ದನಿ ತಗ್ಗಿಸುತ್ತಾನೆ.

"ಆಯಮ್ಮ, ಗಂಟಲು ಕಟ್ಟಿದ ಹಾಗೆ ಕರೆದುಬಿಡು. ಯಾರಿಗೆ ಗೊತ್ತಾಗುತ್ತೆ?"

"ಬಲೆ ಹಿಡಿದು ಬರೋನು ಗಂಟಲು ಕಟ್ಟಿಸ್ಕೊಂಡು ಬರ್ತಾನಾ ಅಣ್ಣ? ಅವನು ನನಗಿಂತ ಚೆನ್ನಾಗಿ ಕರೀತಾನೆ."

ಬಲೆಮನೆಯೊಳಗೆ ಅವರೊಬ್ಬರೇ ಹೋಗುತ್ತಾರೆ. ಮೇಲೆ ಎಲೆಗಳ ನಡುವೆ ಐದಾರು ಬೂದು ಬೆನ್ನುಗಳು. ಆಯಮ್ಮ ಮುಖದ ಬಟ್ಟೆ ಕೆಳಗಿಳಿಸುತ್ತಾರೆ.

"ಬಾ ಕಂದ, ಬಾ ಬಂಗಾರ."

ಒಂದು ತಲೆ ತಿರುಗುತ್ತದೆ. ಬೆಳೆದಿದೆ, ಭುಜ ಅಗಲವಾಗಿದೆ. ಎರಡನೆಯ ಕರೆಗೆ ಕೊಂಬೆಯಿಂದ ಕೊಂಬೆಗೆ ಇಳಿಯತೊಡಗುತ್ತದೆ. ಬಲೆಯ ಹೊರಗೆ ವೈದ್ಯೆ ಕೈಕಟ್ಟಿ ನಿಂತಿದ್ದಾರೆ. ದೋಣಿಯಣ್ಣ ನೆಲ ನೋಡುತ್ತಿದ್ದಾನೆ. ಮೂರನೆಯದು ಕೊನೆಯ ಕರೆ. ಅದನ್ನು ಆಯಮ್ಮ ಅಂದಿನ ಮಧ್ಯಾಹ್ನದ ದನಿಯಲ್ಲೇ ಕರೆಯುತ್ತಾರೆ, ಒಂದಿಷ್ಟೂ ಕಡಿಮೆ ಮಾಡದೆ, ಎರಡೂ ಕೈ ಚಾಚಿ.

ಮರಿ ಅವರ ತಲೆಯ ಮೇಲಿನ ಕೊಂಬೆಯಲ್ಲಿ ಕೂರುತ್ತದೆ. ದಿಟ್ಟಿಸುತ್ತದೆ. ಆಮೇಲೆ ಹಲ್ಲು ಕಿರಿದು, ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡ ಗಂಡುಗಳು ಅಪರಿಚಿತರನ್ನು ಹೆದರಿಸುವ ಹಾಗೆ ಗಡಗಡ ಅಲ್ಲಾಡಿಸುತ್ತದೆ. ಒಣ ಎಲೆ, ಇರುವೆ, ನಿನ್ನೆಯ ಮಳೆನೀರು ಎಲ್ಲವೂ ಆಯಮ್ಮನ ತಲೆಗೆ ಸುರಿಯುತ್ತದೆ. ಮೇಲಿಂದ ಸೊಟ್ಟ ಕೈಯ ಮುದುಕಿ ಕೆಮ್ಮಿದಂತೆ ಕೂಗಿದಾಗ ಮರಿ ತಿರುಗಿ ಹತ್ತಿ ಹೋಗುತ್ತದೆ. ಎಲೆಗಳು ಮುಚ್ಚಿಕೊಳ್ಳುತ್ತವೆ.

ಹೊರಗೆ ಬಂದವರ ಕೂದಲಿನಿಂದ ಇರುವೆ ಆರಿಸುತ್ತ ದೋಣಿಯಣ್ಣ ಬಿದ್ದು ಬಿದ್ದು ನಗುತ್ತಾನೆ. "ನನಗೇ ಹಲ್ಲು ಕಿರೀತಾನೆ, ಖದೀಮ!" ಎಂದು ಆಯಮ್ಮ ಮತ್ತೆ ಮತ್ತೆ ಹೇಳುತ್ತಾರೆ, ಯಾರೋ ಪ್ರಶಸ್ತಿ ಕೊಟ್ಟ ಹಾಗೆ.

ಮುಂದಿನ ವಾರ ಆ ಗುಂಪನ್ನು ಕಾಡಿನ ಒಳಭಾಗದಲ್ಲಿ ಬಿಡುತ್ತಾರೆ. ದೋಣಿಯಲ್ಲಿ ಒಂದು ಜಾಗ ನಿಮಗೂ ಇದೆ, ದೂರದಿಂದ ನೋಡಬಹುದು ಎಂದು ವೈದ್ಯೆ ಹೇಳುತ್ತಾರೆ. ಇಲ್ಲಿ ಯಾರೂ ಬಿಟ್ಟುಕೊಡದ ಅವಕಾಶ ಅದು. ಆಯಮ್ಮ ಕೋಟು ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ. ಅರ್ಧ ಹೆಚ್ಚಿದ ಗೆಣಸು ಹಾಗೇ ಇದೆ.

"ಬೇಡ ಡಾಕ್ಟ್ರೇ, ನಾನು ಬರಲ್ಲ. ಒಂದು ಉಪಕಾರ ಮಾಡಿ ಸಾಕು. ಎಲ್ಲಿ ಬಿಟ್ರಿ ಅಂತ ನನಗೆ ಹೇಳಬೇಡಿ. ನಾನು ಎಷ್ಟು ಕೇಳಿದ್ರೂ, ಕೈಕಾಲು ಹಿಡಿದ್ರೂ ಹೇಳಬೇಡಿ. ಅವನು ಕಲಿತ. ನಾನಿನ್ನೂ ಕಲಿತಿಲ್ಲ."