ವಾಸನೆ ತಿನ್ನುವವರಿಗೆ ಒಂದು ಎಡೆ

ನಮ್ಮ ಗೊಬ್ಬರದ ಶೆಡ್ಡು ಉಳಿದದ್ದು ನನ್ನ ಬುದ್ಧಿವಂತಿಕೆಯಿಂದ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳು.

ಕೆರಗೋಡಿನ ಹತ್ತಿರದ ನಮ್ಮೂರಿನಲ್ಲಿ ಕೋಳಿಗೊಬ್ಬರಕ್ಕೆ ಕಬ್ಬಿನ ತರಗು ಸೇರಿಸಿ ಕಾಂಪೋಸ್ಟ್ ಮಾಡುವವಳು ನಾನು. ಗೊಬ್ಬರವೇನೋ ಚಿನ್ನ, ವಾಸನೆ ಮಾತ್ರ ಮೂಗು ಕಿತ್ತುಹೋಗುವಂಥದ್ದು. ಗೋಡೆಯಾಚೆಗೆ ನನ್ನ ಗಂಡನ ಚಿಕ್ಕಪ್ಪನ ಮನೆ. ಶೆಡ್ಡಿನ ಜಾಗವೂ ಅವರ ಪಾಲಿನದೇ. ಅವರ ಮಗಳ ಮದುವೆ ಮುಗಿದು, ಪೂರಿಗಾಲಿಯ ಬೀಗರಿಗೆ ಬಾಡೂಟ ಹಾಕಲು ದಿನ ಗೊತ್ತಾಯಿತು. ಅವತ್ತು ಒಬ್ಬ ಬೀಗ ಮೂಗು ಮುಚ್ಚಿದರೂ ಶೆಡ್ಡು ಕೀಳಿಸುತ್ತೇನೆ ಎಂದರು ಚಿಕ್ಕಪ್ಪ. ನನ್ನದು ಅಂತ ನನಗಿದ್ದದ್ದು ಅದೊಂದೇ ಕೆಲಸ. ನಿಜವಾಗಿಯೂ ಹೆದರಿದೆ.

ಮಂಡ್ಯದಲ್ಲಿ ವಿಚಾರಿಸಿಕೊಂಡು ಬಂದು ಬಯೋಫಿಲ್ಟರ್ ಮಾಡಿಸಿದೆ. ಶೆಡ್ಡಿನ ಗಾಳಿಯನ್ನು ಫ್ಯಾನು ಎಳೆದು, ಪೈಪಿನಲ್ಲಿ ಒಂದು ಗುಂಡಿಯ ತಳಕ್ಕೆ ನೂಕುತ್ತದೆ. ಗುಂಡಿಯ ತುಂಬ ಮರದ ಚೂರು, ಹಳೇ ಗೊಬ್ಬರ. ಆ ತೇವದಲ್ಲಿ ಬದುಕುವ ಕಣ್ಣಿಗೆ ಕಾಣದ ಜೀವಿಗಳು ವಾಸನೆಯನ್ನೇ ತಿಂದು ಮುಗಿಸುತ್ತವೆ. ತಿಂಗಳು ಕಳೆಯುವುದರೊಳಗೆ ವಾಸನೆ ಹೋಗೇಬಿಟ್ಟಿತು. ನಾನು ಬೀಗುತ್ತಾ ಓಡಾಡಿದೆ.

ಊಟಕ್ಕೆ ಎರಡು ದಿನ ಇದೆ ಅನ್ನುವಾಗ ವಾಸನೆ ಮತ್ತೆ ಬಂತು. ಫ್ಯಾನು ಬಿಚ್ಚಿ ನೋಡಿದೆ, ಪೈಪು ತಟ್ಟಿ ನೋಡಿದೆ. ಕೊನೆಗೆ ಬಚ್ಚಲ ಹಿಂದೆ ಹೋದರೆ, ನನ್ನ ಗುಂಡಿಯ ಚೂರುಗಳು ಗೋಣಿತಾಟಿನ ಮೇಲೆ ಬಿಸಿಲು ಕಾಯಿಸುತ್ತಿವೆ. ಸೌದೆ ನೆನೆಯುವುದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸಲ್ಲ ನಮ್ಮತ್ತೆ. ನಾನು ದಿನಾ ಬೆಳಿಗ್ಗೆ ನೀರು ಚಿಮುಕಿಸಿ ಹೋದಮೇಲೆ ಅವರು ಮಕ್ಕರಿಯಲ್ಲಿ ಬಾಚಿ ತಂದು, ಒಣಗಿಸಿ, ಹಂಡೆ ಒಲೆಗೆ ಹಾಕುತ್ತಿದ್ದರು. ಗುಂಡಿ ತಗ್ಗಾದದ್ದು ಕಂಡರೂ, ಚೂರು ಕುಸಿದಿರಬೇಕು ಅಂದುಕೊಂಡಿದ್ದೆ. ಅಷ್ಟು ದಿನವೂ ಆ ಬಿಸಿನೀರಿನಲ್ಲೇ ಹಾಯಾಗಿ ಮಿಂದವಳೂ ನಾನೇ.

ಅದರೊಳಗೆ ಜೀವಿಗಳಿದ್ದವು ಎಂದು ಆಗ ವಿವರಿಸಿದೆ. ಅತ್ತೆಯ ಮುಖ ಇಳಿದುಹೋಯಿತು.

“ಮೊದ್ಲೇ ಏಳಕ್ಕೇನಾಗಿತ್ತವ್ವ ನಿಂಗೆ? ಜೀವ ಇರೋವ್ನ ಒಲೆಗಾಕ್ಬುಟ್ನಲ್ಲ.”

ಹೊಸ ಚೂರು ತುಂಬಿದೆ. ಆದರೆ ಅದರಲ್ಲಿ ಜೀವಿಗಳು ನೆಲೆಗೊಳ್ಳಲು ವಾರಗಳೇ ಬೇಕು.

ಬೀಗರ ಮೊದಲ ಪಂಕ್ತಿ ಕೂತಿತು. ಮುದ್ದೆ ಬಂತು, ಸಾರು ಬಂತು, ಜೊತೆಗೆ ಗಾಳಿಯೂ ಇತ್ತ ತಿರುಗಿತು. ಹಿರಿಯ ಬೀಗರೊಬ್ಬರು ಟವೆಲ್ಲನ್ನು ಮೂಗಿಗೆ ಒತ್ತಿಕೊಂಡರು. ಚಿಕ್ಕಪ್ಪ ಹಾರೆ ಎತ್ತಿಕೊಂಡು ನಮ್ಮ ಹಿತ್ತಲಿಗೆ ನಡೆದರು, ಹಿಂದೆಯೇ ನಾನು ಓಡಿದೆ.

ಗುಂಡಿಯ ಮೇಲೆ ಬಾಳೆಎಲೆ. ಎಲೆಯಲ್ಲಿ ಮುದ್ದೆ, ಸಾರು, ಎರಡು ಒಳ್ಳೇ ತುಂಡು. ಪೈಪಿಗೆ ಅರಿಶಿನ ಕುಂಕುಮ, ಊದುಬತ್ತಿ. ಅತ್ತೆ ಕೈಮುಗಿದು ನಿಂತಿದ್ದರು.

“ಇದ್ಯಾವ ದೇವ್ರು, ಅತ್ತಿಗೆ?” ಎಂದರು ಚಿಕ್ಕಪ್ಪ.

“ಎಸ್ರು ಗೊತ್ತಿಲ್ಲ ಕಣಪ್ಪ. ನಾನೇ ಸುಟ್ಟಾಕ್ಬುಟ್ಟೆ. ಇನ್ಮೇಕಾದ್ರೂ ಒಟ್ಟೆ ತುಂಬ ತಿನ್ಲಿ ಅಂತ ಎಡೆ ಇಟ್ಟೆ.”

ಚಿಕ್ಕಪ್ಪ ಪೈಪನ್ನು ನೋಡಿದರು, ಎಲೆಯನ್ನು ನೋಡಿದರು. ಎಡೆ ಇಟ್ಟ ಜಾಗಕ್ಕೆ ಹಾರೆ ಹಾಕುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹಾರೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಕೈಮುಗಿದು ವಾಪಸ್ಸು ಹೋದರು. ನನಗೆ ನಗುವೂ ಬಂತು, ಅತ್ತೆಯನ್ನು ನೋಡಿ ಅಳುವೂ ಬಂತು.

ವಾಸನೆ ಈಗ ಪೂರ್ತಿ ನಿಂತಿದೆ. ಆದರೆ ಫ್ಯಾನು ಕೆಟ್ಟರೆ ನಾನು ತಲೆಗೆ ಸ್ನಾನ ಮಾಡದೆ ಹತ್ತಿರ ಹೋಗುವ ಹಾಗಿಲ್ಲ.